ಬಾನೆಟ್ ಲೈನರ್: ಕಂಪನಿ ಕೂರಿಸಿದಂತೆ ಕಾಣಬೇಕಾದರೆ ಹೊಸ ತೂತು ಬೇಡ

ಆಯುಧ ಪೂಜೆಗೆ ಕಾರು ತೊಳೆದು ಬಾನೆಟ್ ಎತ್ತಿದಾಗಲೇ ಈ ವ್ಯತ್ಯಾಸ ಕಣ್ಣಿಗೆ ಬೀಳುವುದು. ಪಕ್ಕದ ಮನೆಯವರದ್ದು ಅದೇ ಮಾಡೆಲ್, ಟಾಪ್ ವೇರಿಯಂಟ್. ಬಾನೆಟ್ಟಿನ ಒಳಮೈಗೆ ನೀಟಾದ ಕಪ್ಪು ಹೊದಿಕೆ ಉಂಟು. ನಮ್ಮದರಲ್ಲಿ ಬರೀ ಪೇಂಟ್ ಹಚ್ಚಿದ ತಗಡು. ಅಥವಾ ಹೊದಿಕೆ ಇದ್ದರೂ ಜೋತುಬಿದ್ದು, ಒಂದು ಮೂಲೆಯನ್ನು ಇಲಿ ಕಡಿದು ಗೂಡಿಗೆ ಒಯ್ದಿರುತ್ತದೆ.

ಈ ಲೈನರ್ ಇಂಜಿನ್ ಸದ್ದನ್ನು ಸ್ವಲ್ಪ ತಗ್ಗಿಸುತ್ತದೆ, ಬಾನೆಟ್ಟಿನ ಪೇಂಟಿಗೆ ಬಿಸಿ ತಾಗುವುದನ್ನು ಕಡಿಮೆ ಮಾಡುತ್ತದೆ. ಅಷ್ಟೇ. ಕಾರಿನೊಳಗೆ ನಿಶ್ಶಬ್ದವಾಗುತ್ತದೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಒಳಗೆ ಬರುವ ಸದ್ದಿನಲ್ಲಿ ಹೆಚ್ಚಿನದು ಡ್ಯಾಶ್‌ಬೋರ್ಡ್ ಹಿಂದಿನ ಗೋಡೆಯಿಂದ ಮತ್ತು ಟಯರ್ ಕಡೆಯಿಂದ ಬರುತ್ತದೆ. ಆದರೂ ಡೀಸೆಲ್ ಕಾರಿನವರಿಗೆ ವ್ಯತ್ಯಾಸ ಗೊತ್ತಾಗುತ್ತದೆ.

ಮೊದಲು ತೂತು ನೋಡಿ

ಬಾನೆಟ್ ಎತ್ತಿ, ಒಳಗಿನ ಫ್ರೇಮ್ ಮೇಲೆ ಟಾರ್ಚ್ ಬಿಡಿ. ಬೇಸ್ ವೇರಿಯಂಟ್ ಆದರೂ ಎಷ್ಟೋ ಕಾರುಗಳಲ್ಲಿ ಕ್ಲಿಪ್ ಕೂರಿಸುವ ತೂತುಗಳನ್ನು ಕಂಪನಿಯವರೇ ಬಿಟ್ಟಿರುತ್ತಾರೆ, ಯಾಕೆಂದರೆ ಎಲ್ಲ ವೇರಿಯಂಟಿಗೂ ಬಾನೆಟ್ ಸಾಮಾನ್ಯವಾಗಿ ಒಂದೇ. ಹಾಗಿದ್ದರೆ ಅರ್ಧ ಕೆಲಸ ಮುಗಿದಂತೆ. ಸರ್ವಿಸ್ ಸೆಂಟರಿನ ಪಾರ್ಟ್ಸ್ ಕೌಂಟರಿನಲ್ಲಿ ಟಾಪ್ ವೇರಿಯಂಟಿನ ಲೈನರ್ ಮತ್ತು ಕ್ಲಿಪ್ ಬೆಲೆ ಕೇಳಿ. ಸಿಕ್ಕಿದರೆ ಅದಕ್ಕಿಂತ ಒಳ್ಳೆಯದು ಬೇರೆ ಇಲ್ಲ.

ತೂತು ಇಲ್ಲ ಅಂತ ಡ್ರಿಲ್ ಹಿಡಿಯಬೇಡಿ. ಘಟ್ಟದ ಮೇಲಿನವರು ಬೇಕಾದರೆ ಈ ಮಾತನ್ನು ಹಗುರವಾಗಿ ತಗೊಳ್ಳಲಿ. ಸುರತ್ಕಲ್, ಮಲ್ಪೆ ಕಡೆ ಉಪ್ಪುಗಾಳಿ, ಮೇಲಿಂದ ವರ್ಷಕ್ಕೆ 3000 ಮಿ.ಮೀ.ಗೂ ಜಾಸ್ತಿ ಮಳೆ. ಪೇಂಟ್ ಇಲ್ಲದ ತೂತಿನ ಅಂಚಿನಲ್ಲಿ ತುಕ್ಕು ಶುರುವಾಗಲು ಒಂದು ಮಳೆಗಾಲ ಸಾಕು. ಅಂಥ ಕಾರಿಗೆ ಲೈನರನ್ನು ಫ್ರೇಮಿನ ಅಂಚಿನೊಳಗೆ ಸಿಕ್ಕಿಸುವ ಹಾಗೆ ಕತ್ತರಿಸಬಹುದು. ಅದೂ ಆಗದಿದ್ದರೆ ಹಾಗೇ ಬಿಡುವುದು ವಾಸಿ.

ಹಳೆಯದನ್ನು ತೆಗೆಯುವುದು

ಇಂಜಿನ್ ಪೂರ್ತಿ ತಣ್ಣಗಾಗಿರಲಿ. ಹಳೆಯ ಕ್ಲಿಪ್ಪುಗಳನ್ನು ಸ್ಕ್ರೂಡ್ರೈವರಿನಿಂದ ಮೀಟಿದರೆ ಪೇಂಟ್ ಗೀರುತ್ತದೆ. ಕವಲು ಬಾಯಿಯ ಪ್ಲಾಸ್ಟಿಕ್ ಟೂಲ್ ಆಕ್ಸೆಸರೀಸ್ ಅಂಗಡಿಗಳಲ್ಲಿ ಸಿಗುತ್ತದೆ, ಅದನ್ನು ಕ್ಲಿಪ್ಪಿನ ತಲೆಯ ಕೆಳಗೆ ತೂರಿಸಿ ಮೆಲ್ಲ ಎತ್ತಿ. ಬಿಸಿಗೆ ಒಣಗಿದ ಕ್ಲಿಪ್ ಮುರಿಯುವುದೇ ಹೆಚ್ಚು. ಹೊಸ ಕ್ಲಿಪ್ ತರುವಾಗ ನಾಲ್ಕೈದು ಜಾಸ್ತಿಯೇ ತನ್ನಿ.

ಈಗ ಒಳಮೈಯನ್ನು ಶಾಂಪೂ ನೀರಿನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ. ನಮ್ಮ ಕೆಂಪು ಧೂಳು ಫ್ರೇಮಿನ ಸಂದಿಗಳಲ್ಲಿ ಗಟ್ಟಿಯಾಗಿ ಕೂತಿರುತ್ತದೆ, ಹಳೆಯ ಹಲ್ಲುಜ್ಜುವ ಬ್ರಷ್ ಬೇಕು. ಬಾನೆಟ್ಟಿನ ಕೆಳ ಅಂಚಿನಲ್ಲಿ ನೀರು ಇಳಿಯುವ ಸಣ್ಣ ತೂತುಗಳಿವೆ. ಅವು ಕಟ್ಟಿದ್ದರೆ ಬಿಡಿಸಿ, ಆಮೇಲೂ ಅವನ್ನು ಯಾವುದರಿಂದಲೂ ಮುಚ್ಚಬೇಡಿ. ತುಕ್ಕು ಕಂಡರೆ ಉಜ್ಜಿ, ಪ್ರೈಮರ್ ಮತ್ತು ಟಚ್ ಅಪ್ ಪೇಂಟ್ ಹಚ್ಚಿ, ಒಂದು ದಿನ ಒಣಗಲು ಬಿಡಿ. ಈ ಕೆಲಸ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬೇಡ. ದೀಪಾವಳಿ ಕಳೆದ ಮೇಲೆ ಸುಲಭ.

ಅಳತೆ ಮತ್ತು ಮೈದಾ ಉಂಡೆ

ಹಳೆಯ ಲೈನರ್ ಇದ್ದರೆ ಅದೇ ಅಚ್ಚು. ಇಲ್ಲದಿದ್ದರೆ ಬ್ರೌನ್ ಪೇಪರನ್ನು ಬಾನೆಟ್ಟಿನ ಒಳಮೈಗೆ ಟೇಪಿನಿಂದ ಅಂಟಿಸಿ, ಪೆನ್ಸಿಲನ್ನು ಅಡ್ಡ ಹಿಡಿದು ಉಜ್ಜಿ. ಫ್ರೇಮಿನ ಅಂಚು, ತೂತು ಎಲ್ಲ ಮೂಡುತ್ತದೆ. ಎಡ ಭಾಗದ ಅಚ್ಚು ಮಾತ್ರ ತೆಗೆದು ಪೇಪರ್ ಮಡಚಿ ಬಲಕ್ಕೂ ಅದನ್ನೇ ಕತ್ತರಿಸುವ ಆಸೆ ಬೇಡ. ವಾಷರ್ ನೀರಿನ ಪೈಪು, ನಳಿಕೆ, ಬಾನೆಟ್ ನಿಲ್ಲಿಸುವ ಕಡ್ಡಿ ಸಿಕ್ಕಿಸುವ ಜಾಗ ಎರಡೂ ಬದಿಯಲ್ಲಿ ಒಂದೇ ಥರ ಇರುವುದಿಲ್ಲ. ಎಸಿ ಗ್ಯಾಸಿನ ವಿವರ ಇರುವ ಸ್ಟಿಕ್ಕರ್ ಬಾನೆಟ್ಟಿನಲ್ಲಿದ್ದರೆ ಆ ಜಾಗ ಬಿಟ್ಟೇ ಕತ್ತರಿಸಿ.

ಆಮೇಲೆ ಅಂತರದ ಪರೀಕ್ಷೆ. ಮೈದಾ ಕಲಸಿ ನಿಂಬೆ ಗಾತ್ರಕ್ಕಿಂತ ದೊಡ್ಡ ಉಂಡೆ ಮಾಡಿ, ಪ್ಲಾಸ್ಟಿಕ್ಕಿನಲ್ಲಿ ಸುತ್ತಿ. ಇಂಜಿನ್ ಕವರ್, ಗಾಳಿ ಹೋಗುವ ಪೈಪು, ಬ್ಯಾಟರಿ ಮೇಲೆ ಒಂದೊಂದು ಇಟ್ಟು ಬಾನೆಟ್ ಮೆಲ್ಲ ಮುಚ್ಚಿ ತೆರೆಯಿರಿ. ಚಪ್ಪಟೆಯಾದ ಉಂಡೆಯ ದಪ್ಪವೇ ನಿಮಗೆ ಸಿಗುವ ಜಾಗ. ಉಂಡೆಗೆ ಬಾನೆಟ್ ತಾಗಲೇ ಇಲ್ಲವಾದರೆ ಅಲ್ಲಿ ಚಿಂತೆ ಇಲ್ಲ. ಆ ದಪ್ಪದಿಂದ ಲೈನರಿನ ದಪ್ಪ ಕಳೆದ ಮೇಲೂ 2 ಸೆಂ.ಮೀ. ಉಳಿಯಲಿ. ಇಂಜಿನ್ ತನ್ನ ಮೌಂಟ್ ಮೇಲೆ ಅಲುಗಾಡುತ್ತದೆ ಅಲ್ವಾ? ಪರೀಕ್ಷೆ ಮುಗಿದ ಮೇಲೆ ಉಂಡೆ ಎಲ್ಲ ತೆಗೆದಿರಾ ಅಂತ ಎಣಿಸಿ ನೋಡಿ. ಒಂದು ಉಳಿದರೂ ಇಲಿಗಳಿಗೆ ಔತಣ ಮಾರಾಯ್ರೇ.

ಯಾವ ಬಟ್ಟೆ, ಯಾವ ಅಂಚು

ಬೆಂಕಿ ಹತ್ತದ, ವಾಹನಕ್ಕೆಂದೇ ಬರುವ ಕಪ್ಪು ಫೆಲ್ಟ್ ಅಥವಾ ಕಪ್ಪು ಬಟ್ಟೆ ಹೊದಿಸಿದ ಗ್ಲಾಸ್ ವೂಲ್ ಹಾಳೆ, 10ರಿಂದ 15 ಮಿ.ಮೀ. ದಪ್ಪದ್ದು ತಗೊಳ್ಳಿ. ಸೋಫಾದ ಸ್ಪಂಜು, ಥರ್ಮೋಕೋಲ್, ಮನೆಯ ಮ್ಯಾಟ್ ಹತ್ತಿರವೂ ತರಬೇಡಿ. ಬಿಸಿ ಎಕ್ಸಾಸ್ಟ್ ಮೇಲೆ ಬಿದ್ದರೆ ಹೊತ್ತಿಕೊಳ್ಳುತ್ತದೆ. ಹೊಳೆಯುವ ಅಲ್ಯೂಮಿನಿಯಂ ಹಾಳೆ ಅಗ್ಗಕ್ಕೆ ಸಿಗುತ್ತದೆ, ಆದರೆ ನೋಡಿದ ಕೂಡಲೇ ಹೊರಗೆ ಹಾಕಿಸಿದ್ದು ಅಂತ ಗೊತ್ತಾಗುತ್ತದೆ. ಅದು ಹರಿದು ಬ್ಯಾಟರಿಯ ಟರ್ಮಿನಲ್ ಮೇಲೆ ಬಿದ್ದರೆ ಶಾರ್ಟ್ ಆಗುವ ಅಪಾಯ ಬೇರೆ.

ಕಂಪನಿಯ ಲೈನರನ್ನು ಹತ್ತಿರದಿಂದ ನೋಡಿ. ಮಧ್ಯದಲ್ಲಿ ಉಬ್ಬು, ಸುತ್ತಲೂ ಒಂದು ಬೆರಳಿನಷ್ಟು ಅಗಲಕ್ಕೆ ಒತ್ತಿ ತೆಳ್ಳಗೆ ಮಾಡಿದ ಅಂಚು. ಆ ಅಂಚಿನಿಂದಲೇ ಅದಕ್ಕೆ ಕಂಪನಿಯ ಕಳೆ. ಕತ್ತರಿಸಿ ಹಾಗೇ ಬಿಟ್ಟ ಫೆಲ್ಟ್ ಎಷ್ಟು ದುಬಾರಿಯದ್ದಾದರೂ ನಾರು ಬಿಟ್ಟು ಕಳಪೆಯಾಗಿಯೇ ಕಾಣುತ್ತದೆ. ಮನೆಯಲ್ಲಿ ಒತ್ತುವ ಯಂತ್ರ ಇಲ್ಲ. ಸೀಟ್ ಕವರ್ ಹೊಲಿಯುವವರ ಹತ್ತಿರ ಒಯ್ಯಿರಿ. ಅಂಚಿನ ಸುತ್ತ ಒಂದೂವರೆ ಸೆಂ.ಮೀ. ಕಪ್ಪು ಪಟ್ಟಿ ಇಟ್ಟು, ದಪ್ಪ ಪಾಲಿಯೆಸ್ಟರ್ ದಾರದಲ್ಲಿ ಬಿಗಿಯಾಗಿ ಹೊಲಿಯಲು ಹೇಳಿ. ಹೊಲಿಗೆ ಬಿಗಿಯಾದಷ್ಟು ಅಂಚು ತೆಳ್ಳಗಾಗುತ್ತದೆ. ಮೂಲೆಗಳನ್ನು ಚೂಪಾಗಿ ಬಿಡದೆ ಗುಂಡಗೆ ಮಾಡಿಸಿ. ಗ್ಲಾಸ್ ವೂಲ್ ಆದರೆ ನೀವೂ, ಹೊಲಿಯುವವರೂ ಮಾಸ್ಕ್, ಗ್ಲೌಸ್ ಹಾಕಲೇಬೇಕು. ತುರಿಕೆ ಸುಮ್ನೆ ಬಿಡುವುದಿಲ್ಲ.

ಕೂರಿಸುವುದು

ಅಂಟು ಬೇಡ, ಕ್ಲಿಪ್ ಮಾತ್ರ. ಪ್ಲೈವುಡ್ಡಿಗೆ ಹಚ್ಚುವ ಗಮ್ ಬಿಸಿಗೆ ಮೆತ್ತಗಾಗಿ ಲೈನರ್ ಜಾರುತ್ತದೆ. ಮಧ್ಯದ ಕ್ಲಿಪ್ ಮೊದಲು ಸಿಕ್ಕಿಸಿ, ಅಲ್ಲಿಂದ ಎರಡೂ ಬದಿಗೆ ಹೋಗಿ. ಎಲ್ಲವೂ ಸರಿಯಾಗಿ ಕೂತ ಮೇಲೆ ಮಾತ್ರ ಪೂರ್ತಿ ಒತ್ತಿ. ವಾಷರ್ ಪೈಪು ಎಲ್ಲಿಯೂ ಮಡಚಿಕೊಂಡಿರಬಾರದು. ನೀರು ಚಿಮ್ಮಿಸಿ ನೋಡಿ. ಮೊದಲ ಸಲ ಬಾನೆಟ್ಟನ್ನು ಮೇಲಿಂದ ಬೀಳಿಸದೆ ಕೈಯಲ್ಲಿ ಇಳಿಸಿ.

ನಂತರ ಉಡುಪಿಗೋ ಮಂಗಳೂರಿಗೋ ಹೆದ್ದಾರಿ 66ರಲ್ಲಿ ಒಮ್ಮೆ ಹೋಗಿ ಬನ್ನಿ. ಬಂದ ಕೂಡಲೇ ಬಾನೆಟ್ ಎತ್ತಿ, ಬಿಸಿ ಭಾಗಗಳಿಗೆ ಕೈ ತಾಗದಂತೆ ಲೈನರನ್ನು ನೋಡಿ. ಸುಟ್ಟ ವಾಸನೆ ಇದೆಯಾ, ಎಲ್ಲಾದರೂ ಉಜ್ಜಿ ಹೊಳಪು ಬಂದಿದೆಯಾ? ಉಜ್ಜಿದ ಗುರುತು ಕಂಡರೆ ಆ ಜಾಗವನ್ನು ಕತ್ತರಿಸಿ ತೆಗೆದು ಮತ್ತೆ ಅಂಚು ಹೊಲಿಸಬೇಕು. ಮೊದಲ ದೊಡ್ಡ ಮಳೆಯ ಮರುದಿನ ಕೆಳ ಅಂಚನ್ನು ಬೆರಳಿನಿಂದ ಒತ್ತಿ. ನೀರು ಜಿನುಗಿದರೆ ಬಾನೆಟ್ಟಿನ ನೀರು ಇಳಿಯುವ ಆ ಸಣ್ಣ ತೂತುಗಳು ಮತ್ತೆ ಕಟ್ಟಿರಬಹುದು. ಸರ್ವಿಸಿಗೆ ಬಿಡುವಾಗ ಲೈನರ್ ಮೇಲೆ ಜೋರು ನೀರು ಹೊಡೆಯಬೇಡಿ ಅಂತ ಜಾಬ್ ಕಾರ್ಡಿನಲ್ಲಿ ಬರೆಸಿಬಿಡಿ.