ಹಳೇ ಕಾರಿನ ಆಯಿಲ್ ಲೀಕ್: ಗೇರ್‌ಬಾಕ್ಸ್ ಇಳಿಸುವ ಮೊದಲು ನೋಡಬೇಕಾದ್ದು

ಎಂಜಿನ್ನೂ ಗೇರ್‌ಬಾಕ್ಸೂ ಸೇರುವಲ್ಲಿ ಆಯಿಲ್ ತೊಟ್ಟಿಕ್ಕುತ್ತಿದ್ದರೆ ಹೆಚ್ಚಿನವರು ಹೇಳುವುದು ಒಂದೇ: ಹಿಂದಿನ ಕ್ರ್ಯಾಂಕ್ ಸೀಲ್ (ಎಂಜಿನ್ನಿನ ಶಾಫ್ಟ್ ಹೊರಬರುವಲ್ಲಿ ಆಯಿಲ್ ತಡೆಯುವ ರಬ್ಬರ್ ಬಳೆ) ಹೋಗಿದೆ, ಗೇರ್‌ಬಾಕ್ಸ್ ಇಳಿಸಬೇಕು. ಹೋಗಿರಲೂಬಹುದು. ಆದರೆ ಕಾರ್ಬುರೇಟರ್ ಕಾಲದ ಮಾರುತಿ 800ನಂಥ ಗಾಡಿಗಳಲ್ಲಿ ನಾನು ಹೆಚ್ಚಾಗಿ ಕಂಡದ್ದು ಬೇರೆ. ಎಂಜಿನ್ನಿನ ತಲೆ ಮುಚ್ಚುವ ಟ್ಯಾಪೆಟ್ ಕವರಿನ ಪ್ಯಾಕಿಂಗಿನಿಂದಲೋ, ಪ್ಲಗ್ಗುಗಳಿಗೆ ಕರೆಂಟ್ ಹಂಚುವ ಡಿಸ್ಟ್ರಿಬ್ಯೂಟರಿನ ಓ-ರಿಂಗಿನಿಂದಲೋ (ರಬ್ಬರ್ ಬಳೆ) ಹೊರಟ ಆಯಿಲ್ ಬ್ಲಾಕಿನ ಮೈ ಹಿಡಿದು ಇಳಿದು ಅದೇ ಜಾಗಕ್ಕೆ ಬಂದು ಸೇರುತ್ತದೆ. ಗಾಡಿ ಓಡುವಾಗ ಗಾಳಿ ಅದನ್ನು ಇನ್ನಷ್ಟು ಹಿಂದಕ್ಕೆ ಹರಡುತ್ತದೆ. ತೊಟ್ಟು ಬಿದ್ದ ಜಾಗ ನೋಡಿ ತೀರ್ಮಾನಿಸಬೇಡಿ. ಒದ್ದೆಯಾದ ಜಾಗಗಳಲ್ಲಿ ಎಲ್ಲಕ್ಕಿಂತ ಮೇಲಿನದು ಯಾವುದು, ಅದನ್ನು ಹುಡುಕಿ.

ಮೊದಲು ಅದು ಎಂಜಿನ್ ಆಯಿಲೇ ಎಂದು ಖಚಿತವಾಗಬೇಕು. ರಾತ್ರಿ ಗಾಡಿಯ ಅಡಿಗೆ ಬಿಳಿ ಕಾಗದ ಅಂಟಿಸಿದ ದೊಡ್ಡ ರಟ್ಟು ಹಾಸಿ, ಮುಂದಿನ ಚಕ್ರಗಳ ಜಾಗ ಗುರುತು ಮಾಡಿಡಿ. ಎಂಜಿನ್ ಆಯಿಲ್ ಕಂದು ಅಥವಾ ಕಪ್ಪು. ಗೇರ್ ಆಯಿಲ್ ಅದಕ್ಕಿಂತ ದಪ್ಪ, ಮೂಗಿಗೆ ಹಿಡಿದರೆ ಗಂಧಕದ ಕಟು ವಾಸನೆ ಬರುತ್ತದೆ; ಅದಾದರೆ ನೋಡಬೇಕಾದ್ದು ಡ್ರೈವ್ ಶಾಫ್ಟಿನ ಸೀಲನ್ನು. ನಮ್ಮ ಕಾಸರಗೋಡಿನ ಬದಿಯಡ್ಕ, ಪೆರ್ಲದ ಕಡೆ ಗುಡ್ಡೆ ಕಡಿದು ಮಾಡಿದ ಅಂಗಳಗಳೇ ಜಾಸ್ತಿ, ಇಳಿಜಾರು ಇದ್ದೇ ಇರುತ್ತದೆ. ಗಾಡಿಯ ಮುಖ ಒಂದು ದಿನ ಮೇಲಕ್ಕೆ, ಮರುದಿನ ಕೆಳಕ್ಕೆ ಇದ್ದರೆ ಕಲೆಯ ಜಾಗವೂ ಬದಲಾಗುತ್ತದೆ. ಪ್ರತಿ ಸಲ ಒಂದೇ ದಿಕ್ಕಿಗೆ ನಿಲ್ಲಿಸಿ.

ಅಂಗಳದ ಕಲೆ ನೋಡಿ ಗಾಬರಿಯಾಗುವ ಅಗತ್ಯವಿಲ್ಲ. 25-30 ತೊಟ್ಟು ಸೇರಿದರೂ ಸುಮಾರು 1 ಮಿ.ಲೀ. ಅಷ್ಟೆ. ನಿಜವಾದ ನಷ್ಟ ಆಗುವುದು ಎಂಜಿನ್ ಓಡುವಾಗ, ಒಳಗೆ ಒತ್ತಡ ಇರುವಾಗ. ಅದನ್ನು ಅಳೆಯಲು ಬೆಳಿಗ್ಗೆ ಸ್ಟಾರ್ಟ್ ಮಾಡುವ ಮೊದಲು, ಸಮತಟ್ಟಾದ ಒಂದೇ ಜಾಗದಲ್ಲಿ ಡಿಪ್‌ಸ್ಟಿಕ್ ನೋಡಿ, ಕಿಲೋಮೀಟರ್ ಬರೆದಿಡಿ. ಆಯಿಲ್ ಸೇರಿಸುವಾಗ ಅಳತೆಯ ಕಪ್‌ನಲ್ಲಿ 100 ಮಿ.ಲೀ.ಯಂತೆ ಹಾಕಿ, ಕಡ್ಡಿಯಲ್ಲಿ ಎಷ್ಟು ಏರಿತು ಎಂದು ಒಮ್ಮೆ ತಿಳಿದುಕೊಂಡರೆ ಮುಂದೆ ಕಡ್ಡಿ ನೋಡಿಯೇ ಲೆಕ್ಕ ಹೇಳಬಹುದು. ಕೆಳಗೆ ತೊಟ್ಟಿಲ್ಲ, ಮಟ್ಟ ಮಾತ್ರ ಇಳಿಯುತ್ತಿದೆ, ಸೈಲೆನ್ಸರಿನಲ್ಲಿ ನೀಲಿ ಹೊಗೆ ಎಂದಾದರೆ ಅದು ಲೀಕ್ ಅಲ್ಲ, ಆಯಿಲ್ ಒಳಗೇ ಉರಿಯುತ್ತಿದೆ.

ಹುಡುಕುವ ಕೆಲಸದ ಮುಕ್ಕಾಲು ಪಾಲು ತೊಳೆಯುವುದರಲ್ಲಿದೆ. ಆಯಿಲಿಗೆ ಮುರಕಲ್ಲಿನ (ಜಂಬಿಟ್ಟಿಗೆ) ಕೆಂಪು ಧೂಳು ಹಿಡಿದು ಚೇಂಬರಿನ (ಎಂಜಿನ್ನಿನ ಅಡಿಯ ಆಯಿಲ್ ತೊಟ್ಟಿ) ಸುತ್ತ ಬೆರಳು ದಪ್ಪದ ಪದರ ಕೂತಿರುತ್ತದೆ. ಅದು ಇರುವಷ್ಟು ಕಾಲ ಹೊಸ ಲೀಕ್ ಯಾವುದು, ಹಳೇ ಕಲೆ ಯಾವುದು ಯಾರಿಗೂ ತಿಳಿಯದು. ಎಂಜಿನ್ ಪೂರ್ತಿ ತಣಿದ ಮೇಲೆ ಡಿಸ್ಟ್ರಿಬ್ಯೂಟರ್, ಆಲ್ಟರ್ನೇಟರ್, ಕಾರ್ಬುರೇಟರಿನ ಬಾಯಿಗಳಿಗೆ ಪ್ಲಾಸ್ಟಿಕ್ ಕಟ್ಟಿ. ಮರದ ತುಂಡಿನಿಂದ ಮಣ್ಣು ಕೆರೆದು, ಅರ್ಧ ಲೀಟರ್ ಡೀಸೆಲ್ ಅಥವಾ ಚಿಮಿಣಿ ಎಣ್ಣೆ ಹಾಕಿ ಬ್ರಶ್‌ನಿಂದ ತಿಕ್ಕಿ. ಪೆಟ್ರೋಲ್ ಮುಟ್ಟಬೇಡಿ, ಒಂದು ಕಿಡಿ ಸಾಕು. ಆಮೇಲೆ ಸಾಬೂನು ಹುಡಿಯ ನೀರು, ಅದಾದ ಮೇಲೆ ಬರೀ ನೀರು. ಪ್ರೆಶರ್ ಗನ್ ಬೇಡ, ನೀರು ಸೀಲ್ ದಾಟಿ ಒಳಗೆ ಹೋಗುತ್ತದೆ. ಎಲ್ಲ ಒಣಗಿದ ಮೇಲೆ ಟ್ಯಾಪೆಟ್ ಕವರಿನ ಅಂಚು, ಡಿಸ್ಟ್ರಿಬ್ಯೂಟರಿನ ಬುಡ, ಆಯಿಲ್ ಪ್ರೆಶರ್ ಸ್ವಿಚ್, ಫಿಲ್ಟರಿನ ಸುತ್ತ, ಚೇಂಬರಿನ ಅಂಚು ಇಷ್ಟಕ್ಕೂ ಮೈಗೆ ಹಾಕುವ ಪೌಡರ್ ತೆಳ್ಳಗೆ ಉದುರಿಸಿ. 10-15 ಕಿ.ಮೀ. ಓಡಿಸಿ ಬಂದು ಟಾರ್ಚ್ ಮತ್ತು ಸಣ್ಣ ಕನ್ನಡಿ ಹಿಡಿದು ನೋಡಿದರೆ ಬಿಳಿ ಪೌಡರಿನಲ್ಲಿ ಕಂದು ಗೆರೆ ಎಲ್ಲಿಂದ ಹೊರಟಿದೆ ಎಂಬುದು ಕಾಣುತ್ತದೆ. ಕಾಣದಿದ್ದರೆ ಇನ್ನೂ 50 ಕಿ.ಮೀ. ಓಡಿಸಿ ನೋಡಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಈ ಕೆಲಸ ಆಗುವುದಿಲ್ಲ. ರಸ್ತೆಯ ನೀರು ಅಡಿಗೆ ರಾಚಿ ಎಲ್ಲವನ್ನೂ ಕಲಸಿಬಿಡುತ್ತದೆ.

ಯಾವ ಸೀಲಿಗೂ ಕೈ ಹಾಕುವ ಮೊದಲು ಬ್ರೀದರ್ ನೋಡಿ. ಅದರ ಪೈಪ್ ಅಥವಾ ವಾಲ್ವ್ ಮಡ್ಡಿ ಕಟ್ಟಿದರೆ ಎಂಜಿನ್ ಒಳಗಿನ ಗಾಳಿಗೆ ಹೊರದಾರಿ ಇಲ್ಲದೆ ಅದು ಆಯಿಲನ್ನು ಸೀಲುಗಳ ಮೂಲಕ ಹೊರಗೆ ದೂಡುತ್ತದೆ. ಆಯಿಲ್ ಹಾಕುವ ಮುಚ್ಚಳ ತೆಗೆದು ಆ ಬಾಯಿಗೆ ತೆಳು ಪ್ಲಾಸ್ಟಿಕ್ ಹಾಳೆ ಹಿಡಿದು ಎಂಜಿನ್ ಸ್ಲೋದಲ್ಲಿ ಇಡಿ. ಹಾಳೆ ಒಳಕ್ಕೆ ಎಳೆದರೆ, ಅಥವಾ ಸುಮ್ಮನೆ ಅದುರಿದರೆ ತೊಂದರೆ ಇಲ್ಲ. ಬಲೂನಿನ ಹಾಗೆ ಉಬ್ಬಿದರೆ ಪೈಪ್ ಬಿಚ್ಚಿ ಚಿಮಿಣಿ ಎಣ್ಣೆಯಲ್ಲಿ ತೊಳೆಯಿರಿ. ತೊಳೆದ ಮೇಲೂ ಉಬ್ಬಿದರೆ ಪಿಸ್ಟನ್ ರಿಂಗ್ ಸವೆದಿದೆ. ಆಗ ಹೊಸ ಸೀಲ್ ಹಾಕಿದರೂ ಹೆಚ್ಚು ದಿನ ತಾಳದು.

ಟ್ಯಾಪೆಟ್ ಕವರಿನ ಪ್ಯಾಕಿಂಗ್ ಶಾಖಕ್ಕೆ ಗಟ್ಟಿಯಾಗಿ ಉಗುರು ಊರಿದರೂ ತಗ್ಗದ ಸ್ಥಿತಿಗೆ ಬಂದಿರುತ್ತದೆ. ಲೀಕ್ ನಿಲ್ಲಲಿ ಎಂದು ಬೋಲ್ಟ್ ಬಿಗಿಯುತ್ತಾ ಹೋದರೆ ತಗಡಿನ ಕವರ್ ತೂತಿನ ಸುತ್ತ ತಗ್ಗಿ, ಎರಡು ಬೋಲ್ಟಿನ ನಡುವೆ ಎದ್ದು ನಿಲ್ಲುತ್ತದೆ. ಕವರನ್ನು ದಪ್ಪ ಗಾಜಿನ ಮೇಲೆ ಬೋರಲು ಇಟ್ಟು ಸಂದು ಇದೆಯೇ ನೋಡಿ. ಇದ್ದರೆ ಮರದ ಮೇಲಿಟ್ಟು ಸಣ್ಣ ಸುತ್ತಿಗೆಯಿಂದ ತಟ್ಟಿ ಸಮ ಮಾಡಿ. 10ರ ಸ್ಪ್ಯಾನರ್ ಹಿಡಿಯುವ ಸಣ್ಣ ಬೋಲ್ಟಿಗೆ 8-10 ನ್ಯೂಟನ್ ಮೀಟರ್ ಬಿಗಿ ಧಾರಾಳ. ಸಂದು ಮುಚ್ಚುವ ಅನಾಬಾಂಡ್ ಪೇಸ್ಟನ್ನು ಮೂಲೆಗಳಲ್ಲಿ ಮಾತ್ರ, ಭತ್ತದ ಕಾಳಿನಷ್ಟು ಹಚ್ಚಿ. ಸುತ್ತಲೂ ಬಳಿದರೆ ಒಳಕ್ಕೆ ಚಿಮ್ಮಿದ ಪೇಸ್ಟ್ ಕಳಚಿ ಚೇಂಬರಿಗೆ ಬಿದ್ದು ಪಂಪಿನ ಜಾಲರಿಗೆ ಅಡ್ಡ ಬರುತ್ತದೆ. ಎಂಜಿನ್ನಿಗೇ ಅಪಾಯ ಅದು.

ಡಿಸ್ಟ್ರಿಬ್ಯೂಟರ್ ಓ-ರಿಂಗ್ ಬದಲಿಸುವಾಗ ಅದರ ಬುಡಕ್ಕೂ ಎಂಜಿನ್ ಹೆಡ್ಡಿಗೂ ಸೇರಿ ಮಾರ್ಕರ್‌ನಿಂದ ಒಂದು ಗೆರೆ, ರೋಟರ್ ತೋರುವ ದಿಕ್ಕಿಗೆ ಇನ್ನೊಂದು ಗೆರೆ ಎಳೆದಿಡಿ. ಇಲ್ಲದಿದ್ದರೆ ಟೈಮಿಂಗ್ ತಪ್ಪುತ್ತದೆ. ಪ್ರೆಶರ್ ಸ್ವಿಚ್ಚಿನ ವೈರ್ ತೆಗೆದಾಗ ಕನೆಕ್ಟರಿನ ಒಳಗೆ ಆಯಿಲ್ ಇದ್ದರೆ ಸ್ವಿಚ್ ಬದಲಿಸಿ, ಅದಕ್ಕೆ ರಿಪೇರಿ ಇಲ್ಲ. ಫಿಲ್ಟರ್ ತೆಗೆದಾಗ ಹಳೇ ರಬ್ಬರ್ ಬ್ಲಾಕಿಗೇ ಅಂಟಿ ಉಳಿದಿದೆಯೇ ನೋಡಿ. ಎರಡು ರಬ್ಬರ್ ಸೇರಿದರೆ ಆಯಿಲ್ ನಿಮಿಷಗಳಲ್ಲಿ ಖಾಲಿಯಾಗುತ್ತದೆ. ಹೊಸದರ ರಬ್ಬರಿಗೆ ಆಯಿಲ್ ಸವರಿ, ತಾಗಿದ ಮೇಲೆ ಮುಕ್ಕಾಲು ಸುತ್ತು ಕೈಯಲ್ಲೇ ಬಿಗಿಯಿರಿ. ಡ್ರೈನ್ ಬೋಲ್ಟಿಗೆ ಪ್ರತಿ ಸಲ ಹೊಸ ವಾಷರ್.

ಮುಂದಿನ ಕ್ರ್ಯಾಂಕ್ ಸೀಲ್, ಕ್ಯಾಮ್ ಸೀಲ್ ಲೀಕಾದರೆ ಆಯಿಲ್ ಟೈಮಿಂಗ್ ಬೆಲ್ಟಿಗೆ ತಾಗುತ್ತದೆ, ಬೆಲ್ಟ್ ಬೇಗ ಹಾಳಾಗುತ್ತದೆ. ಅದಕ್ಕೇ ಬೆಲ್ಟ್ ಬದಲಿಸುವಾಗಲೇ ಎರಡೂ ಸೀಲ್ ಬದಲಿಸಿಬಿಡುವುದು ಲಾಭ. ಸೀಲಿನ ಸ್ಪ್ರಿಂಗ್ ಇರುವ ಬದಿ ಎಂಜಿನ್ನಿನ ಒಳಕ್ಕೆ ಬರಬೇಕು, ತುಟಿಗೆ ಆಯಿಲ್ ಸವರಿರಬೇಕು. ನೇರ ಸುತ್ತಿಗೆ ಹೊಡೆಯದೆ, ಅದೇ ಅಗಲದ ಸಾಕೆಟ್ ಅಥವಾ ಪಿವಿಸಿ ಪೈಪ್ ತುಂಡು ಇಟ್ಟು ತಟ್ಟಿ. ಶಾಫ್ಟಿನ ಮೇಲೆ ಉಗುರು ಎಳೆದಾಗ ಗೀರು ಸಿಕ್ಕರೆ ಸೀಲನ್ನು ಮೊದಲಿದ್ದ ಜಾಗಕ್ಕಿಂತ 1-2 ಮಿ.ಮೀ. ಆಚೀಚೆ ಕೂರಿಸಿ, ತುಟಿ ನುಣುಪಾದ ಭಾಗದ ಮೇಲೆ ಓಡುತ್ತದೆ.

ಇಷ್ಟೆಲ್ಲ ಒಣಗಿದ್ದೂ ಬೆಲ್ ಹೌಸಿಂಗಿನ (ಕ್ಲಚ್ ಇರುವ ಗೂಡು) ಕೆಳಗಿನ ತೂತಿನಿಂದ ಆಯಿಲ್ ಬಂದರೆ ಮಾತ್ರ ಹಿಂದಿನ ಸೀಲ್. ಕ್ಲಚ್ ಜಾರುತ್ತಿಲ್ಲ, ನಷ್ಟ 1,000 ಕಿ.ಮೀ.ಗೆ 100-200 ಮಿ.ಲೀ. ಒಳಗೇ ಇದೆ ಎಂದಾದರೆ ಕ್ಲಚ್ ಪ್ಲೇಟ್ ಬದಲಿಸುವ ಸಮಯದವರೆಗೆ ಕಾಯಿರಿ, ಒಂದೇ ಮಜೂರಿಯಲ್ಲಿ ಎರಡೂ ಆಗುತ್ತದೆ. ಅಲ್ಲಿವರೆಗೆ ವಾರಕ್ಕೊಮ್ಮೆ ಕಡ್ಡಿ ನೋಡಿ, ಡಿಕ್ಕಿಯಲ್ಲಿ ಅದೇ ಗ್ರೇಡಿನ ಅರ್ಧ ಲೀಟರ್ ಇಟ್ಟುಕೊಳ್ಳಿ. ನಮ್ಮಲ್ಲಿ ಕೊರೆಯುವ ಚಳಿ ಇಲ್ಲ, ಹಾಗಾಗಿ ಸವೆದ ಹಳೇ ಎಂಜಿನ್ನಿಗೆ 20ಡಬ್ಲ್ಯು-40 ಗ್ರೇಡಿನ ಬದಲು ತುಸು ದಪ್ಪದ 20ಡಬ್ಲ್ಯು-50 ಹಾಕಿದರೆ ಲೀಕ್ ತುಸು ಕಡಿಮೆಯಾಗುತ್ತದೆ. ಲೀಕ್ ನಿಲ್ಲಿಸುವ ಬಾಟಲಿ ಔಷಧಿ ಗಟ್ಟಿಯಾದ ರಬ್ಬರನ್ನು ಸ್ವಲ್ಪ ಉಬ್ಬಿಸುತ್ತದೆ ಅಷ್ಟೆ. ಹರಿದ ಪ್ಯಾಕಿಂಗಿಗೂ ಸವೆದ ಶಾಫ್ಟಿಗೂ ಅದರಿಂದ ಪ್ರಯೋಜನವಿಲ್ಲ, ನಾನು ಹಾಕುವುದಿಲ್ಲ.

ಆಯಿಲ್ ಸೈಲೆನ್ಸರ್ ಮ್ಯಾನಿಫೋಲ್ಡಿನ ಮೇಲೆ ಬಿದ್ದು ಹೊಗೆ ಬರುತ್ತಿದ್ದರೆ ಒಂದು ದಿನವೂ ಕಾಯಬೇಡಿ, ಬೆಂಕಿ ಹತ್ತಬಹುದು. ಡ್ಯಾಶ್‌ಬೋರ್ಡಿನ ಕೆಂಪು ಆಯಿಲ್ ದೀಪ ಮಟ್ಟ ಇಳಿದಾಗ ಹೊತ್ತುವುದಲ್ಲ, ಒತ್ತಡವೇ ಹೋದಾಗ ಹೊತ್ತುವುದು. ಓಡುವಾಗ ಅದು ಕಂಡರೆ ಅಲ್ಲೇ ಬದಿಗೆ ಹಾಕಿ ಎಂಜಿನ್ ಆರಿಸಿ.

ಅಂಗಳಕ್ಕೆ ಬಿದ್ದದ್ದಕ್ಕೆ ಮರದ ಹುಡಿ ಹಾಕಿ ಒಂದು ರಾತ್ರಿ ಬಿಟ್ಟು ಗುಡಿಸಿ. ತೆಗೆದ ಆಯಿಲನ್ನೂ ತೊಳೆದ ಡೀಸೆಲನ್ನೂ ಮಣ್ಣಿಗೆ ಚೆಲ್ಲಬೇಡಿ. ಮುರಕಲ್ಲು ನೀರು ಬಸಿಯುವ ಕಲ್ಲು. ಮೇಲೆ ಚೆಲ್ಲಿದ್ದು ಬಾವಿಗೋ, ನೀರಿಗಾಗಿ ಗುಡ್ಡೆಗೆ ಅಡ್ಡ ಕೊರೆದ ಸುರಂಗಕ್ಕೋ ಇಳಿಯಬಹುದು. ಕ್ಯಾನಿಗೆ ತುಂಬಿಸಿ, ಹಳೇ ಆಯಿಲ್ ತೆಗೆದುಕೊಳ್ಳುವ ವರ್ಕ್‌ಶಾಪಿಗೆ ಕೊಡಿ.