ಅನ್ನಭೇದಿಯನ್ನೇ ಉಣ್ಣುವ ಬ್ಯಾಕ್ಟೀರಿಯಾವನ್ನು ಪ್ರಯೋಗಾಲಯದಲ್ಲಿ ಬೆಳೆಸುವ ಕ್ರಮ

ಈ.ಕೋಲಿ ಬೆಳೆಸಿ ಕೈ ಪಳಗಿದವರು ಆಸಿಡಿಥಯೋಬ್ಯಾಸಿಲಸ್ ಫೆರೋಆಕ್ಸಿಡನ್ಸ್ ಎಂಬ ಆಮ್ಲಪ್ರಿಯ ಬ್ಯಾಕ್ಟೀರಿಯಾಕ್ಕೆ ಕೈ ಹಾಕುವಾಗ ಮೊದಲು ಮರೆಯಬೇಕಾದದ್ದು ನ್ಯೂಟ್ರಿಯೆಂಟ್ ಬ್ರಾತ್ ಎಂಬ ಸಾಮಾನ್ಯ ಪೋಷಕ ದ್ರಾವಣವನ್ನು. ಕಲ್ಲಿದ್ದಲು ಗಣಿಗಳ ಹುಳಿ ನೀರಿನಲ್ಲಿ 1947ರಲ್ಲಿ ಪತ್ತೆಯಾದ ಈ ಜೀವಿ ಫೆರಸ್ ಕಬ್ಬಿಣದಿಂದ ಎಲೆಕ್ಟ್ರಾನ್ ಕಿತ್ತು, ಅಂದರೆ ಅದನ್ನು ಫೆರಿಕ್ ಆಗಿ ಉತ್ಕರ್ಷಿಸಿ ಶಕ್ತಿ ಪಡೆಯುತ್ತದೆ. ಇಂಗಾಲಕ್ಕೆ ಅದಕ್ಕೆ ಗಾಳಿಯೊಳಗಿನ ಕಾರ್ಬನ್ ಡೈಆಕ್ಸೈಡ್ ಸಾಕು. ಪೆಪ್ಟೋನಿನಂಥ ಪ್ರೋಟೀನ್ ತುಣುಕುಗಳು, ಸಕ್ಕರೆಗಳು ಇದಕ್ಕೆ ಉಪಚಾರವಲ್ಲ, ಉಪದ್ರವ.

ಬೀಜಕೃಷಿಯನ್ನು, ಅಂದರೆ ಬಿತ್ತನೆಗೆ ಬೇಕಾದ ಜೀವಂತ ಬ್ಯಾಕ್ಟೀರಿಯಾವನ್ನು, ಚಂಡೀಗಢದ ಎಂಟಿಸಿಸಿಯಂಥ ಸೂಕ್ಷ್ಮಜೀವಿ ಸಂಗ್ರಹಾಲಯದಿಂದ ತರಿಸಿಕೊಳ್ಳುವುದು ಸುಲಭದ ದಾರಿ. ಮೇಘಾಲಯದ ಜೈಂತಿಯಾ ಬೆಟ್ಟಗಳ ಕಲ್ಲಿದ್ದಲು ಗಣಿಗಳಿಂದ ಹರಿದುಬರುವಂಥ ಆಮ್ಲೀಯ ನೀರಿನಿಂದಲೂ ಬೇರ್ಪಡಿಸಬಹುದು, ಆದರೆ ಅದಕ್ಕೆ ತಾಳ್ಮೆ ಬೇಕು.

ಬೆಳೆಸುವ ದ್ರಾವಣ, ಅಂದರೆ ಮಾಧ್ಯಮ, 9ಕೆ. ಲೀಟರಿಗೆ ಸುಮಾರು 9 ಗ್ರಾಂ ಕಬ್ಬಿಣ ಇರುವುದರಿಂದ ಈ ಹೆಸರು. 700 ಮಿ.ಲೀ. ಡಿಸ್ಟಿಲ್ಡ್ ನೀರಿನಲ್ಲಿ ಅಮೋನಿಯಂ ಸಲ್ಫೇಟ್ 3 ಗ್ರಾಂ, ಡೈಪೊಟ್ಯಾಸಿಯಂ ಹೈಡ್ರೋಜನ್ ಫಾಸ್ಫೇಟ್ ಮತ್ತು ಮೆಗ್ನೀಸಿಯಂ ಸಲ್ಫೇಟ್ ತಲಾ 0.5 ಗ್ರಾಂ, ಪೊಟ್ಯಾಸಿಯಂ ಕ್ಲೋರೈಡ್ 0.1 ಗ್ರಾಂ, ಕ್ಯಾಲ್ಸಿಯಂ ನೈಟ್ರೇಟ್ 0.01 ಗ್ರಾಂ ಕರಗಿಸಿ, ಸಲ್ಫ್ಯೂರಿಕ್ ಆಮ್ಲದಿಂದ ಪಿಎಚ್ ಅನ್ನು (ಹುಳಿಯ ಅಳತೆ; ಕಡಿಮೆಯಾದಷ್ಟೂ ಹುಳಿ ಹೆಚ್ಚು) 2ಕ್ಕೆ ಇಳಿಸಿ ಆಟೊಕ್ಲೇವ್ ಮಾಡಬೇಕು, ಅಂದರೆ ಒತ್ತಡದ ಹಬೆಯಲ್ಲಿ ಕ್ರಿಮಿಶುದ್ಧಿಗೊಳಿಸಬೇಕು. ಆಮ್ಲವನ್ನು ನೀರಿಗೆ ಹನಿಹನಿಯಾಗಿ ಬೆರೆಸಬೇಕೇ ಹೊರತು ನೀರನ್ನು ಆಮ್ಲಕ್ಕೆ ಸುರಿಯಕೂಡದು. ಉಳಿದ 300 ಮಿ.ಲೀ. ಆಮ್ಲೀಯ ನೀರಿನಲ್ಲಿ 44.2 ಗ್ರಾಂ ಫೆರಸ್ ಸಲ್ಫೇಟ್, ಅಂದರೆ ನಮ್ಮ ಅನ್ನಭೇದಿಯನ್ನು ಕರಗಿಸಿ, ಬಿಸಿ ಮಾಡದೆ 0.22 ಮೈಕ್ರಾನ್ ಫಿಲ್ಟರಿನಲ್ಲಿ ಸೋಸಿ, ತಣಿದ ಮೊದಲ ದ್ರಾವಣಕ್ಕೆ ಬೆರೆಸಬೇಕು. ಇದನ್ನೂ ಆಟೊಕ್ಲೇವಿಗೆ ಇಟ್ಟರೆ ಜೀವಿಗೆ ಸಿಗಬೇಕಾದ ಫೆರಸ್ ಅಲ್ಲಿಯೇ ಫೆರಿಕ್ ಆಗತೊಡಗುತ್ತದೆ.

250 ಮಿ.ಲೀ. ಫ್ಲಾಸ್ಕಿನಲ್ಲಿ 90 ಮಿ.ಲೀ. ಮಾಧ್ಯಮಕ್ಕೆ 10 ಮಿ.ಲೀ. ಬೀಜಕೃಷಿ ಸೇರಿಸಿ, ಹತ್ತಿಯ ಬಿರಡೆ ಹಾಕಿ, 30 ಡಿಗ್ರಿ ಸೆಲ್ಸಿಯಸ್‌ನಲ್ಲಿ ನಿಮಿಷಕ್ಕೆ 150 ಸುತ್ತಿನಂತೆ ಶೇಕರಿನಲ್ಲಿಡಿ. ಬ್ಯಾಕ್ಟೀರಿಯಾ ಹಾಕದ ಇನ್ನೊಂದು ಫ್ಲಾಸ್ಕ್ ಪಕ್ಕದಲ್ಲಿರಲೇಬೇಕು. ಇಷ್ಟು ಹುಳಿಯಲ್ಲಿ ಫೆರಸ್ ತಾನಾಗಿ ಉತ್ಕರ್ಷಣಗೊಳ್ಳುವುದು ಬಲು ನಿಧಾನವಾದ್ದರಿಂದ ಆ ಫ್ಲಾಸ್ಕ್ ತಿಳಿಹಸಿರಾಗಿಯೇ ಉಳಿಯುತ್ತದೆ. ಬೆಳವಣಿಗೆ ಇರುವ ಫ್ಲಾಸ್ಕ್ ಕೆಲವು ದಿನಗಳಲ್ಲಿ ಜೇನುಬಣ್ಣಕ್ಕೆ, ಆಮೇಲೆ ತುಕ್ಕುಗೆಂಪಿಗೆ ತಿರುಗುತ್ತದೆ. ಬಣ್ಣ ನೋಡಿಯೇ ತೃಪ್ತರಾಗುವವರು ಹಲವರು. ಉಳಿದ ಫೆರಸ್ ಅನ್ನು ಡೈಕ್ರೋಮೇಟ್ ಟೈಟ್ರೇಶನ್ನಿನಿಂದ, ಅಂದರೆ ಡೈಕ್ರೋಮೇಟ್ ದ್ರಾವಣ ಎಷ್ಟು ಖರ್ಚಾಯಿತೆಂದು ನೋಡಿ, ಅಳೆಯುವುದೇ ನಂಬತಕ್ಕ ಲೆಕ್ಕ.

ಕೆಲಸ ಕೆಡುವುದು ಹೆಚ್ಚಾಗಿ ಪಿಎಚ್ ವಿಷಯದಲ್ಲಿ. ಫೆರಸ್ ಉತ್ಕರ್ಷಣೆಯಲ್ಲಿ ಪ್ರೋಟಾನುಗಳು ಖರ್ಚಾಗುವುದರಿಂದ ಮೊದಲು ಪಿಎಚ್ ಮೇಲೇರುತ್ತದೆ; 2.5 ದಾಟಲು ಬಿಟ್ಟರೆ ಫೆರಿಕ್ ಕಬ್ಬಿಣ ಜರೊಸೈಟ್ ಎಂಬ ಹಳದಿ ಗಸಿಯಾಗಿ ತಳಕ್ಕೂ ಗಾಜಿನ ಗೋಡೆಗೂ ಅಂಟಿಕೊಂಡು, ಕೋಶಗಳನ್ನೂ ಫಾಸ್ಫೇಟನ್ನೂ ತನ್ನೊಳಗೆ ಎಳೆದುಕೊಳ್ಳುತ್ತದೆ. ದಿನವೂ ಪರೀಕ್ಷಿಸಿ, ದುರ್ಬಲ ಸಲ್ಫ್ಯೂರಿಕ್ ಆಮ್ಲದಿಂದ 1.8ರಿಂದ 2.2ರೊಳಗೆ ತಂದಿಡಿ. ಕೋಶಗಳನ್ನು ಬೇರ್ಪಡಿಸುವಾಗ ಮೊದಲು ವಾಟ್‌ಮನ್ ಸೋಸುಕಾಗದದಲ್ಲಿ ಗಸಿ ಸೋಸಿ, ಸೆಂಟ್ರಿಫ್ಯೂಜ್ ಯಂತ್ರದಲ್ಲಿ ವೇಗವಾಗಿ ತಿರುಗಿಸಿ ಕೋಶಗಳನ್ನು ತಳಕ್ಕಿಳಿಸಿದ ಬಳಿಕ ಪಿಎಚ್ 2ರ ಆಮ್ಲೀಯ ನೀರಿನಿಂದಲೇ ತೊಳೆಯಬೇಕು. ಬರಿಯ ನೀರಿನಿಂದ ತೊಳೆದರೆ ಉಳಿದ ಕಬ್ಬಿಣ ಗಸಿಗಟ್ಟುತ್ತದೆ. ಹೊರಗೆ ಪಿಎಚ್ 2 ಇದ್ದರೂ ಕೋಶದೊಳಗೆ ಅದು ಸುಮಾರು 6.5, ಪ್ರೋಟಾನುಗಳನ್ನು ಹೊರಗೇ ತಡೆಯುವ ಪೊರೆಯಿಂದ ಅದಕ್ಕೆ ಹುಳಿಯೇ ಮನೆಯಾಗಿದೆ.

ಅಗಾರ್ ಎಂಬ ಪಾಚಿಯ ಅಂಟಿನಿಂದ ಗಟ್ಟಿಗೊಳಿಸಿದ ತಟ್ಟೆಯಲ್ಲಿ ಕಾಲೊನಿ (ಬ್ಯಾಕ್ಟೀರಿಯಾದ ಗುಂಪು) ಬರಲಿಲ್ಲವೆಂದು ಗಾಬರಿಪಡಬೇಕಾಗಿಲ್ಲ. ಆಮ್ಲದಲ್ಲಿ ಅಗಾರ್ ಒಡೆದು ಬಿಡುಗಡೆಯಾಗುವ ಸಕ್ಕರೆಗಳೇ ಇದನ್ನು ಕುಂಠಿಸುತ್ತವೆ; ಆದ್ದರಿಂದ ಆ ಸಕ್ಕರೆಯನ್ನು ತಿಂದುಹಾಕುವ ಆಸಿಡಿಫಿಲಿಯಂ ಬ್ಯಾಕ್ಟೀರಿಯಾವನ್ನು ಕೆಳಪದರದಲ್ಲಿ ಬೆರೆಸಿ ಎರಡು ಪದರದ ತಟ್ಟೆ ಮಾಡುತ್ತಾರೆ.

ಕೊನೆಗೆ ಚೆಲ್ಲುವ ಮುನ್ನ ಆಟೊಕ್ಲೇವ್ ಮಾಡಿ, ಸೋಡಿಯಂ ಬೈಕಾರ್ಬೊನೇಟನ್ನು ಸ್ವಲ್ಪಸ್ವಲ್ಪವಾಗಿ ಹಾಕಿ ತಟಸ್ಥಗೊಳಿಸಬೇಕು. ರೂಢಿಯಂತೆ ಬ್ಲೀಚ್ ಸುರಿದರೆ ಆಮ್ಲದೊಂದಿಗೆ ಸೇರಿ ವಿಷಕಾರಿ ಕ್ಲೋರಿನ್ ಅನಿಲ ಹೊರಬರುತ್ತದೆ.