ತಾಮ್ರದ ತಂತಿ ಹೋಯಿತು, ಫೋನು ಉಳಿಯಿತು

ಬದಿಯಡ್ಕ–ಪೆರ್ಲ ಕಡೆಯ ಗುಡ್ಡದ ಬುಡದಲ್ಲಿ ನಮ್ಮ ಮನೆ. ಮೊಬೈಲ್ ರೇಂಜು ಸಿಗುವುದು ಅಂಗಳದ ಒಂದು ಮೂಲೆಯಲ್ಲಿ ಮಾತ್ರ. ಅಮ್ಮನಿಗೂ, ಮಾಳಿಗೆಯ ನನ್ನ ಲೆಕ್ಕಪತ್ರದ ಆಫೀಸಿಗೂ ಲ್ಯಾಂಡ್‌ಲೈನೇ ಗತಿ. ಹಾಗಾಗಿ ತಾಮ್ರದ ಲೈನಿನ ಬದಲು ಫೈಬರ್ ಇಂಟರ್ನೆಟ್ ಹಾಕಿಸುವಾಗ ಟೆಲಿಫೋನ್ ಪೋರ್ಟು (ಫೋನಿನ ವಯರ್ ಸಿಕ್ಕಿಸುವ ಕಿಂಡಿ) ಇರುವ ರೂಟರನ್ನೇ ಕೇಳಿ ಪಡೆದೆ.

ಪೋರ್ಟು ಎರಡಿದೆ, ನಂಬರ್ ಒಂದೇ. ಕಂಪನಿಯವರು ಇನ್ನೊಂದು ನಂಬರ್ ಕೊಟ್ಟು ತೆರೆಯುವವರೆಗೆ ಎರಡನೆಯದು ಮೂಕ.

ಮನೆಯೊಳಗೆ ಹಳೆಯ ಟೆಲಿಫೋನ್ ವಯರಿಂಗ್ ಚಾವಡಿ, ಅಡುಗೆಮನೆ, ಮಾಳಿಗೆಗೆ ಆಗಲೇ ಹೋಗಿತ್ತು. ಅದನ್ನು ಹಾಳುಮಾಡುವುದು ಯಾಕೆ? ಹೊರಗಿನ ಕಂಬದಿಂದ ಬಂದ ತಾಮ್ರದ ಜೋಡಿ ತಂತಿಯನ್ನು, ಅದು ಮನೆಯ ವಯರಿಂಗಿಗೆ ಸೇರುವ ಡಬ್ಬಿಯಲ್ಲೇ ಪೂರ್ತಿ ಬಿಚ್ಚಿ ತೆಗೆದೆ. ಇದು ಮೊದಲು ಆಗಲೇಬೇಕಾದ ಕೆಲಸ. ಹೊರಗಿನ ವೋಲ್ಟೇಜು ಪೋರ್ಟಿಗೆ ನುಗ್ಗಿದರೆ ರೂಟರೇ ಹೋದೀತು. ಆಮೇಲೆ ಪೋರ್ಟಿನಿಂದ ಆ ಡಬ್ಬಿಗೆ ಒಂದು ವಯರ್ ಕೊಟ್ಟೆ, ಮೂರೂ ಕಡೆ ಗಂಟೆ ಬಾರಿಸಿತು. ಡಯಲ್ ಟೋನು, ರಿಂಗಿನ ವೋಲ್ಟೇಜು ಎಲ್ಲವನ್ನೂ ರೂಟರೇ ಕೊಡುತ್ತದೆ. ಅದರ ಶಕ್ತಿಗೂ ಮಿತಿ ಇದೆ. ಲೋಹದ ಗಂಟೆಯ ಹಳೆಯ ಫೋನುಗಳನ್ನು ಹಲವು ಒಟ್ಟಿಗೆ ಜೋಡಿಸಿದರೆ ರಿಂಗು ಸೊರಗುತ್ತದೆ. ಬೆರಳಿಟ್ಟು ತಿರುಗಿಸುವ ನಮ್ಮ ಕಪ್ಪು ಫೋನಿಗೆ ಕರೆ ಬರುತ್ತದೆ, ಮಾತೂ ಆಡಬಹುದು. ಆದರೆ ಅದರಿಂದ ನಂಬರ್ ಹಚ್ಚಲು ಆಗುವುದಿಲ್ಲ. ಚಕ್ರದ ಪಲ್ಸು ನಮ್ಮ ರೂಟರಿಗೆ ಅರ್ಥವಾಗದು, ಒತ್ತುಗುಂಡಿಯ ಟೋನೇ ಬೇಕು.

ದೊಡ್ಡ ವ್ಯತ್ಯಾಸ ಕರೆಂಟಿನದು. ತಾಮ್ರದ ಕಾಲದಲ್ಲಿ ಎಕ್ಸ್‌ಚೇಂಜಿನ 48 ವೋಲ್ಟಿನ ಬ್ಯಾಟರಿ ನಮ್ಮ ಫೋನನ್ನು ಸಾಕುತ್ತಿತ್ತು, ಊರಿಡೀ ಕತ್ತಲಾದರೂ ಟೋನು ಇರುತ್ತಿತ್ತು. ಈಗ ಆ ಎಕ್ಸ್‌ಚೇಂಜು ನನ್ನ ಗೋಡೆಯ ಮೇಲೆ ಕೂತಿದೆ, ಅದರ ಅನ್ನ ನನ್ನ ಜವಾಬ್ದಾರಿ. ಮಳೆಗಾಲದಲ್ಲಿ ನಮ್ಮಲ್ಲಿ ಕರೆಂಟು ಹೋಗುವುದು ಹೇಗೆಂದು ಕಾಸರಗೋಡಿನವರಿಗೆ ಹೇಳಬೇಕಿಲ್ಲ. ರೂಟರಿನ ಅಡಾಪ್ಟರಿನ ಮೇಲೆ ಬರೆದ ವೋಲ್ಟು, ಆಂಪಿಯರ್ ನೋಡಿ (ನಮ್ಮದು 12 ವೋಲ್ಟು) ಅದಕ್ಕೆ ಹೊಂದುವ ಪುಟ್ಟ ಡಿಸಿ ಯುಪಿಎಸ್ (ಕರೆಂಟು ಹೋದಾಗ ರೂಟರನ್ನು ನಡೆಸುವ ಬ್ಯಾಟರಿ ಪೆಟ್ಟಿಗೆ) ತಂದೆ. ಅಡಿಕೆ ಮರ ಬಿದ್ದು ಫೈಬರೇ ತುಂಡಾದರೆ ಮಾತ್ರ ಯುಪಿಎಸ್ಸೂ ಏನು ಮಾಡೀತು!

ಒಂದು ಕರೆಗೆ ಆ ಕಡೆಗೂ ಈ ಕಡೆಗೂ ಸೆಕೆಂಡಿಗೆ ತಲಾ 100 ಕಿಲೋಬಿಟ್ ವೇಗ ಧಾರಾಳ ಸಾಕು. ಆದರೂ ನಾನು ದೊಡ್ಡ ಕಡತ ಅಪ್‌ಲೋಡ್ ಮಾಡುವಾಗ ಅಮ್ಮನ ಮಾತು ತುಂಡುತುಂಡಾಗುತ್ತಿತ್ತು. ರೂಟರಿನ ಸೆಟ್ಟಿಂಗಿನಲ್ಲಿ ಕ್ಯೂಒಎಸ್ (ಯಾವ ಡೇಟಾ ಮೊದಲು ಹೋಗಬೇಕೆಂದು ಹೇಳುವ ಸೌಲಭ್ಯ) ಚಾಲೂ ಮಾಡಿ ಧ್ವನಿಗೆ ಮೊದಲ ಸ್ಥಾನ ಕೊಟ್ಟ ಮೇಲೆ ಸರಿಹೋಯಿತು.

ತೋಟದ ಪಂಪುಶೆಡ್ಡಿಗೂ ಒಂದು ಫೋನು ಎಳೆಯೋಣ ಎಂದ ತಮ್ಮ. ಒಪ್ಪಲಿಲ್ಲ. ಫೈಬರಿನ ಗಾಜಿನೆಳೆಯಲ್ಲಿ ಸಿಡಿಲು ಹರಿಯದು, ಬಯಲಲ್ಲಿ ಎಳೆದ ತಾಮ್ರದಲ್ಲಿ ಹರಿಯುತ್ತದೆ. ತುಲಾಮಾಸದ ಗುಡುಗು ಶುರುವಾದರೆ ಅಡಾಪ್ಟರನ್ನೂ ಗೋಡೆಯಿಂದ ಕಿತ್ತಿಡುತ್ತೇನೆ, ಯುಪಿಎಸ್ಸಿನ ಮೇಲೆ ಫೋನು ನಡೆಯುತ್ತದೆ.